ಮೊದಲ ಹನಿ

ಹಗಲೆಲ್ಲ ಸ್ಕೀ ಕಟ್ಟಿಕೊಂಡು ಹಿಮದಲ್ಲಿ ಜಾರಿದ ಪೂವಯ್ಯನ ಮೈ ಮರಗಟ್ಟಿತ್ತು. ಹೋಟೆಲಿನ ಬಾರಿಗೆ ಬಂದು ಅಗ್ಗಿಷ್ಟಿಕೆಗೆ ಒತ್ತಿಕೊಂಡೇ ಕುಳಿತರೂ ಚಳಿ ಬಿಡಲಿಲ್ಲ. ಗೆಳೆಯರಿಬ್ಬರೂ ಎದುರಿಗೇ ಇದ್ದರು, ಮಾತಿಲ್ಲ. ಎಚ್ಚರಿಕೆಯ ಹಗ್ಗ ದಾಟಿ ತಾನೊಬ್ಬನೇ ಕೆಳಗಿಳಿದದ್ದಕ್ಕೆ ಮುನಿಸು ಎಂದುಕೊಂಡ. ಬೇಕಾದರೆ ಉಗಿಯಲಿ, ಹೀಗೆ ಮೂಗರಾಗಿ ಕುಳಿತರೆ ಹೇಗೆ?

ರಮ್ಮಿಗೆ ಬಿಸಿನೀರು, ಜೇನು, ಲವಂಗ ಬೆರೆಸಿದ ಕಾಕ್‌ಟೇಲ್ ಬಂತು. ಎರಡೇ ಗ್ಲಾಸು.

"ನಂದೆಲ್ರೋ?" ಎಂದ ಪೂವಯ್ಯ. ಇಬ್ಬರೂ ತಲೆ ಎತ್ತಲಿಲ್ಲ.

ಕುಡಿಯುವ ಮುಂಚೆ ಗ್ಲಾಸಿಗೆ ಬೆರಳದ್ದಿ, ಹೋದವರ ಹೆಸರಲ್ಲಿ ಒಂದು ಹನಿ ನೆಲಕ್ಕೆ ಚಿಮುಕಿಸುವುದು ಪೂವಯ್ಯನ ರೂಢಿ. "ಸತ್ತೋರು ಬಂದು ನೆಕ್ತಾರೇನೋ?" ಎಂದು ಶಶಾಂಕ ಪ್ರತಿ ಸಲವೂ ಗೇಲಿ ಮಾಡುತ್ತಿದ್ದ.

ಇವತ್ತು ಶಶಾಂಕನೇ ಬೆರಳದ್ದಿದ.

"ನೀನು ಇದನ್ನೆಲ್ಲ ನಂಬಲ್ವಲ್ಲೋ," ಎಂದ ರಮಾನಂದ.

"ಅವನು ನಂಬ್ತಿದ್ನಲ್ಲ."

ಶಶಾಂಕನ ಬೆರಳಿನಿಂದ ಹನಿ ನೆಲಕ್ಕೆ ಬಿತ್ತು. ಪೂವಯ್ಯನ ನಾಲಿಗೆಯ ಮೇಲೆ ಲವಂಗ ಚುರುಗುಟ್ಟಿತು.