ಫೈಲ್ ಕರಪ್ಟ್ ಆಗಿಲ್ಲ, ತಮ್ಮಾ!

ಇದು ನನ್ನ ಮರ್ಯಾದೆ ಹೋದ ಕಥೆ... ಆದರೂ ನಿಮಗೆಲ್ಲ ಹೇಳಲೇಬೇಕು.

ದಾವಣಗೆರೆಯಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ. ಗ್ಯಾಜೆಟ್ ಅಂದರೆ ನನಗೆ ಹುಚ್ಚು. ಹೊಸ ಫೋನ್ ಬಂದ ವಾರದಲ್ಲೇ ಅದು ನನ್ನ ಕೈಯಲ್ಲಿರಬೇಕು. ಐದು ವರ್ಷ ದಾಟಿದ ಯಂತ್ರ ಕಂಡರೆ ಮೂಗು ಮುರಿಯುತ್ತಿದ್ದೆ.

ಮೊನ್ನೆ ಮಧ್ಯಾಹ್ನ ಒಬ್ಬ ಅಜ್ಜಿ ಆಟೋದಿಂದ ಇಳಿದರು. ದುಪ್ಪಟಿ ಸುತ್ತಿದ ಹಳೇ ಸಿಪಿಯು ಒಂದನ್ನು ಎದೆಗವಚಿಕೊಂಡು ಒಳಗೆ ಬಂದು ಟೇಬಲ್ ಮೇಲೆ ಇಟ್ಟರು.

"ತಮ್ಮಾ, ಇದರೊಳಗೆ ಒಂದು ಹಾಳೆ ಐತೆ. ತೆಗೆದುಕೊಡು."

ಧೂಳು, ಜೇಡರ ಬಲೆ, ಫ್ಲಾಪಿ ಹಾಕುವ ಬಾಯಿ ಬೇರೆ... ನಾನು ನಕ್ಕೇಬಿಟ್ಟೆ.

"ಅಮ್ಮಾ, ಇಪ್ಪತ್ತು ವರ್ಷದ ಡಬ್ಬ ಇದು. ಗುಜರಿಗೆ ಹಾಕ್ರಿ. ಒಳ್ಳೇ ಹೊಸದು ತೋರಿಸ್ತೀನಿ."

"ನಾ ಹೊಸದು ಕೇಳಾಕೆ ಬಂದಿಲ್ಲ. ಹಾಳೆ ಕೇಳಾಕೆ ಬಂದೀನಿ."

ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ಏಳುವ ಲಕ್ಷಣವೇ ಇಲ್ಲ!

ಅವರ ಹೆಸರು ಹಾಲಮ್ಮ. ಮೊದಲು ಬೀಡಿ ಕಟ್ಟುತ್ತಿದ್ದರಂತೆ. ಆಮೇಲೆ ಹಟ ಹಿಡಿದು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಕೆಲಸ ಕಲಿತು, ಹನ್ನೆರಡು ವರ್ಷ ಒಂದು ಪ್ರೆಸ್ಸಿನಲ್ಲಿ ಕೆಲಸ ಮಾಡಿದವರು.

ಆಗ ಮಹಿಳಾ ಸಂಘಕ್ಕೆ ಯಾರೋ ಕೊಟ್ಟ ಕಂಪ್ಯೂಟರ್ ಇದು. ಮಧ್ಯಾಹ್ನದ ಹೊತ್ತು ಹಾಲಮ್ಮ ಬೀಡಿ ಕಟ್ಟುವ ಹನ್ನೊಂದು ಹೆಂಗಸರಿಗೆ ಅಕ್ಷರ ಕಲಿಸಿದರು. ಕಲಿತವರೆಲ್ಲ ತಲಾ ಒಂದು ಹಾಳೆ ತಾವೇ ಟೈಪ್ ಮಾಡಬೇಕು... ಅದೇ ಪರೀಕ್ಷೆ. ಪ್ರಿಂಟರ್ ಇರಲಿಲ್ಲ, ಹಾಳೆಗಳೆಲ್ಲ ಒಳಗೇ ಉಳಿದವು. ಸಂಘ ಮುಚ್ಚಿದಾಗ ಯಂತ್ರ ಹಾಲಮ್ಮನ ಮನೆ ಸೇರಿತು.

ಆ ಹನ್ನೊಂದು ಜನರಲ್ಲಿ ಒಬ್ಬಳು ರಹಮತ್ ಬೀ. ಹಾಲಮ್ಮನ ಜೀವದ ಗೆಳತಿ.

"ಇವತ್ತು ಅವಳು ತೀರಿಕೊಂಡ ನಲವತ್ತನೇ ದಿನ. ಬೆಳಿಗ್ಗೆ ಅವರ ಮನೆಗೆ ಹೋಗಿದ್ದೆ. ಅವಳ ಮಗ ಜಬ್ಬಾರ ಬಂದೋರ ಮುಂದೆಲ್ಲ, 'ನಮ್ಮ ಅಮ್ಮಿ ಪಾಪ, ಹೆಬ್ಬೆಟ್ಟು' ಅಂದ. ನಾ ಊಟ ಬಿಟ್ಟು ಎದ್ದು ಬಂದೆ. ಅವಳು ಹೆಬ್ಬೆಟ್ಟಲ್ಲ ತಮ್ಮಾ! ಅವಳು ಬರೆದಿದ್ದು ಇದರೊಳಗೆ ಐತೆ."

ಇನ್ನೇನು ಮಾಡಲಿ? ಯಂತ್ರವಂತೂ ಆನ್ ಆಗಲಿಲ್ಲ. ಹಾರ್ಡ್ ಡಿಸ್ಕ್ ಬಿಚ್ಚಿ ನನ್ನ ಹೊಸ ಕಂಪ್ಯೂಟರಿಗೆ ಕನೆಕ್ಟ್ ಮಾಡಿದೆ. ರಹಮತ್ ಎಂಬ ಹೆಸರಿನ ಫೈಲ್ ಸಿಕ್ಕಿತು! ತೆರೆದೆ...

£À£Àß ºÉ¸ÀgÀÄ...

ಕೆಳಗೆ ಪೂರ್ತಿ ಇದೇ ಕಸ. ಪೌಂಡ್ ಗುರುತು, ಸೊನ್ನೆ, ತಲೆ ಮೇಲೆ ಗೀಟಿರುವ ಇಂಗ್ಲಿಷ್ ಅಕ್ಷರ.

"ಫೈಲ್ ಕರಪ್ಟ್ ಆಗಿದೆ ಅಮ್ಮಾ. ಏನೂ ಮಾಡಕ್ಕಾಗಲ್ಲ," ಎಂದು ಫೈಲ್ ಮುಚ್ಚಲು ಮೌಸ್ ಹಿಡಿದೆ.

ಹಾಲಮ್ಮ ನನ್ನ ಕೈ ಮೇಲೆ ಪಟ್ಟನೆ ಹೊಡೆದರು.

"ಕೈ ತೆಗಿ! ಕರಪ್ಟ್ ಆಗಿಲ್ಲ, ತಮ್ಮಾ. ನಿನ್ನ ಕಂಪ್ಯೂಟರಿಗೆ ಓದಾಕೆ ಬರಲ್ಲ, ಅಷ್ಟೇ."

ಕನ್ನಡಕ ಏರಿಸಿಕೊಂಡು ಸ್ಕ್ರೀನ್ ಮೇಲೆ ಬೆರಳಿಟ್ಟರು.

"ಈ ಪೌಂಡ್ ಗುರುತು ನ. ಆಮೇಲಿಂದು ನ್ನ. ಈ ಸಣ್ಣ ಸೊನ್ನೆ ಐತಲ್ಲ, ಅದು ಹೆ... 'ನನ್ನ ಹೆಸರು'. ಹನ್ನೆರಡು ವರ್ಷ ಈ ಫಾಂಟಿನಾಗೆ ಕೆಲಸ ಮಾಡೀನಿ. ಫಾಂಟ್ ಹೋದ್ರೆ ಹಿಂಗೇ ಕಾಣ್ತದೆ. ಫಾಂಟೂ ಅದೇ ಡಿಸ್ಕಿನಾಗೆ ಐತೆ, ಹುಡುಕು!"

ನನ್ನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಹುಡುಕಿದೆ. ಫಾಂಟ್ ಇತ್ತು! ಇನ್‌ಸ್ಟಾಲ್ ಮಾಡಿ ಫೈಲನ್ನು ಮತ್ತೆ ತೆರೆದೆ...

"ನನ್ನ ಹೆಸರು ರಹಮತ್ ಬೀ. ವಯಸ್ಸು ಐವತ್ತು. ದಿನಕ್ಕೆ ಸಾವಿರ ಬೀಡಿ ಕಟ್ಟುತ್ತೇನೆ. ಈ ಹಾಳೆ ನಾನೇ ಒತ್ತಿದ್ದು, ಹಾಲಮ್ಮ ಒಂದು ಅಕ್ಷರವನ್ನೂ ಮುಟ್ಟಿಲ್ಲ. ಸೋಮವಾರ ಜಬ್ಬಾರನ ಜೊತೆ ಬ್ಯಾಂಕಿಗೆ ಹೋಗುತ್ತೇನೆ. ಅವನ ಎದುರಿಗೇ ಸಹಿ ಮಾಡುತ್ತೇನೆ. ಅವನಿಗೆ ಇನ್ನೂ ಹೇಳಿಲ್ಲ."

ಹಾಲಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಹಾಲಮ್ಮನೇ ಜಬ್ಬಾರರಿಗೆ ಫೋನ್ ಮಾಡಿದರು. ಹತ್ತೇ ನಿಮಿಷಕ್ಕೆ ಸ್ಕೂಟರಿನಲ್ಲಿ ಬಂದರು. ಐವತ್ತರ ಹತ್ತಿರದ ಮನುಷ್ಯ. ನಿಂತೇ ಓದಿದರು... ಮತ್ತೆ ಮೊದಲಿಂದ ಓದಿದರು.

"ದೊಡ್ಡಮ್ಮಾ... ಅಮ್ಮಿ ನಂಗೆ ಹೇಳೇ ಇಲ್ಲ."

"ಹೇಳಾಕೆ ಹೋದಳು ಕಣಪ್ಪ. ಆ ಸೋಮವಾರ ಬ್ಯಾಂಕಿನಾಗೆ ಪೆನ್ನು ಕೇಳಿದಳು. 'ರೆಕಾರ್ಡಿನಾಗೆ ಹೆಬ್ಬೆಟ್ಟು ಐತೆ, ಅದನ್ನೇ ಒತ್ತಮ್ಮ' ಅಂದ್ರು ಅಲ್ಲಿ. ನೀನು ಪಕ್ಕದಾಗೇ ಇದ್ದೆ. ಏನಂದೆ, ನೆನಪೈತಾ?"

ಜಬ್ಬಾರ್ ತಲೆ ತಗ್ಗಿಸಿದರು.

"...'ಟೈಮಾಯ್ತು ಅಮ್ಮಿ, ಬೇಗ ಒತ್ತು' ಅಂದೆ."

ಅಷ್ಟು ದೊಡ್ಡ ಮನುಷ್ಯ ನನ್ನ ಅಂಗಡಿಯ ನೆಲದ ಮೇಲೆ ಕೂತು ಮಗುವಿನಂತೆ ಅತ್ತರು.

ಹಾಲಮ್ಮ ಸುಮ್ಮನೆ ಬಿಡಲಿಲ್ಲ. ಅವರನ್ನು ಸ್ವಲ್ಪ ಹೊತ್ತು ಅಳಲು ಬಿಟ್ಟು, ಆಮೇಲೆ ರಟ್ಟೆ ಹಿಡಿದು ಎಬ್ಬಿಸಿದರು.

"ಅತ್ತಿದ್ದು ಸಾಕು, ಏಳು. ನೆಂಟರು ಇನ್ನೂ ಮನೆಯಾಗೇ ಅದಾರೆ. ಬೆಳಿಗ್ಗೆ ಯಾರ್ ಯಾರ ಮುಂದೆ ಹೆಬ್ಬೆಟ್ಟು ಅಂದೆಯೋ, ಅವರೆಲ್ಲರ ಮುಂದೆ ಇದನ್ನ ಗಟ್ಟಿಯಾಗಿ ಓದು. ನಾನು ಆಮೇಲೇ ಊಟಕ್ಕೆ ಕೂರೋದು!"

ಪ್ರಿಂಟ್ ತೆಗೆದುಕೊಟ್ಟೆ. ಜಬ್ಬಾರ್ ಸ್ಕೂಟರ್ ಸ್ಟಾರ್ಟ್ ಮಾಡಿದರು, ಹಾಲಮ್ಮ ಹಾಳೆ ಹಿಡಿದು ಹಿಂದೆ ಕೂತರು. ಉಳಿದ ಹತ್ತು ಹಾಳೆಗಳ ಪ್ರಿಂಟು ನನ್ನ ಟೇಬಲ್ ಮೇಲಿದೆ. ಆ ಹತ್ತು ಮನೆ ಹುಡುಕಿ ಕೊಡುವ ಕೆಲಸ ನನ್ನದು.

ಇನ್ನು ಮುಂದೆ 'ಹಳೆಯದಾಯ್ತು, ಸಪೋರ್ಟ್ ಇಲ್ಲ, ಬಿಸಾಡಿ' ಅನ್ನುವ ಮಾತು ನನ್ನ ಅಂಗಡಿಯಲ್ಲಿ ನಡೆಯುವುದಿಲ್ಲ. ಯಾವ ಕಂಪನಿ ಬೇಕಾದರೂ ಹೇಳಲಿ... ತೆರೆದು ನೋಡದೆ ನಾನು ಯಾವುದನ್ನೂ ಬಿಸಾಡುವುದಿಲ್ಲ!

ನಮಗೆ ಓದಲು ಬಾರದ್ದನ್ನೆಲ್ಲ ಕೆಟ್ಟುಹೋಗಿದೆ ಅನ್ನುವ ಅಧಿಕಾರ ನಮಗೆ ಯಾರೂ ಕೊಟ್ಟಿಲ್ಲ.

ನಿಮ್ಮ ಮನೆಯಲ್ಲಿ 'ಪಾಪ, ಅವರಿಗೇನೂ ಗೊತ್ತಿಲ್ಲ' ಎಂದು ನೀವು ಪಕ್ಕಕ್ಕಿಟ್ಟವರು ಯಾರು... ಅವರ ಕೈಗೆ ಎಂದಾದರೂ ಪೆನ್ನು ಕೊಟ್ಟು ನೋಡಿದ್ದೀರಾ?