ನಾಲ್ಕನೆಯ ನಿಮಿಷ

"ಬೇಗ ಒಂದು ಸಹಿ ಹಾಕಿಬಿಡಿ ಡಾಕ್ಟ್ರೇ, ಹನ್ನೆರಡಕ್ಕೆ ಟೀಮಿನ ರೈಲು," ಎಂದಳು ಓಟಗಾರ್ತಿ, ಬೂಟಿನ ಲೇಸು ಬಿಗಿಯುತ್ತಾ.

ಡಾಕ್ಟರು ಕ್ರೀಡಾ ವೈದ್ಯ ವಿಭಾಗದಲ್ಲಿ ಮೂರನೆಯ ವರ್ಷದ ತರಬೇತಿಯಲ್ಲಿದ್ದಳು. ಬೆಳಗಿನಿಂದ ಇದು ಹದಿನೇಳನೆಯ ಫಿಟ್‌ನೆಸ್ ಪತ್ರ. ಮಂಡಿ, ಕಣಕಾಲು, ರಕ್ತದೊತ್ತಡ ಎಲ್ಲ ಸರಿಯಿತ್ತು. ಉಳಿದದ್ದು ಎಲ್ಲರೂ ಕೇಳದೆಯೇ 'ಇಲ್ಲ' ಎಂದು ತುಂಬಿಬಿಡುವ ಒಂದು ಪ್ರಶ್ನೆ. ಅವಳು ಕೇಳಿದಳು.

"ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲೇ ಇದ್ದಕ್ಕಿದ್ದಂತೆ ತೀರಿಕೊಂಡಿದಾರಾ?"

"ಚಿಕ್ಕಪ್ಪ ಒಬ್ರು. ಇಪ್ಪತ್ತೆರಡು ವರ್ಷ. ಹೊರಟಿದ್ದ ಬಸ್ಸನ್ನ ಓಡಿಹೋಗಿ ಹತ್ತಿದ್ರಂತೆ. ಸೀಟಲ್ಲಿ ಕೂತು ಕಣ್ಣು ಮುಚ್ಚಿದೋರು ಏಳಲೇ ಇಲ್ಲ. ನಿದ್ದೆ ಅಂದ್ಕೊಂಡು ಕಂಡಕ್ಟರ್ ಕೊನೇ ಸ್ಟಾಪಿನವರೆಗೂ ಎಬ್ಬಿಸಿರಲಿಲ್ಲ."

ಡಾಕ್ಟರ ಪೆನ್ನು ನಿಂತಿತು. "ನೀನು ಯಾವತ್ತಾದ್ರೂ ತಲೆ ಸುತ್ತಿ ಬಿದ್ದಿದ್ದುಂಟಾ?"

"ಒಂದೇ ಸಲ, ರೇಸ್ ಮುಗಿದ ಮೇಲೆ. ಅವತ್ತು ತಿಂಡಿ ತಿಂದಿರಲಿಲ್ಲ ಅಷ್ಟೆ."

ಡಾಕ್ಟರು ಈ ವಿಭಾಗ ಸೇರಿದ್ದು ಮೂಳೆ, ಸ್ನಾಯು ಕಲಿಯಲೆಂದು. ಆರು ತಿಂಗಳು ಹೃದ್ರೋಗ ವಾರ್ಡಿಗೆ ಹಾಕಿದಾಗ ಗೊಣಗಿದ್ದಳು. ಈಗ ಹುಡುಗಿಯ ಇಸಿಜಿ ತೆಗೆದು, ಅಲ್ಲಿ ಕಲಿತಂತೆ ಗೆರೆಗಳನ್ನು ಒಂದೊಂದಾಗಿ ನೋಡಿದಳು. ಅಲೆಗಳು ಒಂದಿಷ್ಟು ಉದ್ದವೇ ಇದ್ದವು. ತಪ್ಪು ಎನ್ನುವಷ್ಟೂ ಅಲ್ಲ, ಸರಿ ಎನ್ನುವಷ್ಟೂ ಅಲ್ಲ.

ಪಕ್ಕದ ಕೋಣೆಯಲ್ಲಿದ್ದ ಪ್ರೊಫೆಸರು ಕಾಗದದ ಮೇಲೆ ಕಣ್ಣಾಡಿಸಿದರು. "ಓಟಗಾರರ ಹೃದಯ ಅಲ್ವೇನಮ್ಮಾ, ಹೀಗೇ ಇರುತ್ತೆ. ಇನ್ನು ಇಪ್ಪತ್ತು ದಿನಕ್ಕೆ ನಿನ್ನ ಪರೀಕ್ಷೆ. ನೋಡಿದಲ್ಲೆಲ್ಲ ಕಾಯಿಲೆ ಕಾಣ್ತಿದೆ ನಿನಗೆ. ಪತ್ರದ ಮೇಲಿರೋದು ನಿನ್ನ ಹೆಸರು. ಸಹಿ ಹಾಕ್ತೀಯೋ ಇಲ್ವೋ?"

ಅವಳು ಪೆನ್ನಿನ ಮುಚ್ಚಳ ಹಾಕಿದಳು. "ಹಾಕಲ್ಲ ಸರ್. ಓಡಿಸಿ ನೋಡೋಣ."

ಪ್ರೊಫೆಸರು ಎದ್ದು ಬಂದರು. ಟ್ರೆಡ್‌ಮಿಲ್ ಪಕ್ಕಕ್ಕೆ, ಲಯ ತಪ್ಪಿದ ಹೃದಯಕ್ಕೆ ಶಾಕ್ ಕೊಡುವ ಯಂತ್ರವನ್ನು ಎಳೆದು ತಂದು ತಾವೇ ಆನ್ ಮಾಡಿದರು. ಎದೆಗೆಲ್ಲ ವೈರು ಅಂಟಿಸಿಕೊಂಡ ಹುಡುಗಿ, "ಇದೆಲ್ಲ ಯಾಕೆ?" ಎಂದಳು. "ರೂಢಿ," ಎಂದು ಡಾಕ್ಟರು ಸುಳ್ಳು ಹೇಳಿದಳು.

ಹುಡುಗಿ ಹಾಯಾಗಿ ಓಡಿದಳು. ಡಾಕ್ಟರು ಪರದೆಯಿಂದ ಕಣ್ಣು ಕೀಳಲಿಲ್ಲ. ಒಂದೊಂದು ಬಡಿತವನ್ನೂ ಹಿಂದಿನದರ ಜೊತೆ ಹೋಲಿಸುತ್ತಾ ನಿಂತಳು. ಏನೂ ಆಗಲಿಲ್ಲ. ಟ್ರೆಡ್‌ಮಿಲ್ಲಿನ ಪಟ್ಟಿ ನಿಂತಿತು. ಸುಮ್ಮನೆ ರೈಲು ತಪ್ಪಿಸಿ ಒಂದು ಹುಡುಗಿಯ ವರ್ಷ ಹಾಳುಮಾಡುತ್ತಿದ್ದೇನೆಯೇ ಎಂದು ಅವಳಿಗೇ ನಾಚಿಕೆಯಾಯಿತು.

"ನಾನಿನ್ನು ಹೋಗ್ಲಾ?"

"ಐದು ನಿಮಿಷ ಮಲಗು. ವೈರು ತೆಗೀಬೇಡ."

ಒಂದನೆಯ ನಿಮಿಷ, ಎರಡು, ಮೂರು. ಹೃದಯ ನಿಧಾನವಾಗುತ್ತಾ ಬಂತು. ನಾಲ್ಕನೆಯ ನಿಮಿಷದಲ್ಲಿ ಪ್ರತಿ ಅಲೆಯ ಬಾಲವೂ ಇರಬೇಕಾದ್ದಕ್ಕಿಂತ ಉದ್ದವಾಗಿ ಮುಂದಿನ ಬಡಿತದ ಕಡೆಗೆ ಚಾಚತೊಡಗಿತು. ಅವಳು ಕಾಗದಕ್ಕೆ ಸ್ಕೇಲಿಟ್ಟು ಅಳೆದಳು. ಪ್ರೊಫೆಸರು ಅದನ್ನು ಇಸಿದುಕೊಂಡು ಎರಡು ಸಲ ಅಳೆದರು. ಆಮೇಲೆ ಅವಳ ಕಿವಿಯ ಬಳಿ ಮೆಲ್ಲಗೆ, "ಕುರ್ಚಿ ತಗೊಂಡು ಅವಳ ಹತ್ರ ಕೂತ್ಕೋ. ಇದನ್ನ ನಿಂತು ಹೇಳಬಾರದು," ಎಂದರು.

ಅವಳು ಕೂತು ಹೇಳಿದಳು. ಮೈಗೆ ಶ್ರಮವಾದಾಗ ಹೃದಯ ಲಯ ತಪ್ಪಿ ನಿಂತುಬಿಡಬಲ್ಲ ತೊಂದರೆ ಇದು, ಚಿಕ್ಕಪ್ಪನಿಗೆ ಇದ್ದದ್ದೂ ಇದೇ ಇರಬಹುದು. ಮಾತ್ರೆ ಇದೆ. ಹೃದ್ರೋಗದವರು ಪೂರ್ತಿ ನೋಡುವವರೆಗೆ ಓಡುವ ಹಾಗಿಲ್ಲ. ಅಳು ಬರುತ್ತದೆ, ಬೈಗುಳ ಬರುತ್ತದೆ ಎಂದು ಕಾದಳು. ಎರಡೂ ಬರಲಿಲ್ಲ.

"ಇದು ಮನೇಲಿ ಬೇರೆಯವರಿಗೂ ಇರುತ್ತಾ?"

"ಇರಬಹುದು. ಒಡಹುಟ್ಟಿದವರನ್ನೆಲ್ಲ ಪರೀಕ್ಷೆ ಮಾಡಬೇಕು."

ಹುಡುಗಿ ಗೋಡೆಯ ಗಡಿಯಾರದತ್ತ ತಿರುಗಿದಳು. ಹನ್ನೊಂದಕ್ಕೆ ಐದು ನಿಮಿಷವಿತ್ತು. ಅವಳ ಕೈ ಡಾಕ್ಟರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಿತು.

"ಅಕ್ಕಾ, ಹನ್ನೊಂದಕ್ಕೆ ನನ್ನ ತಂಗಿ ಈಜುಕೊಳಕ್ಕೆ ಇಳೀತಾಳೆ."