ತಲೆ ಸವರಿದ ತೋಟ

ಶುಕ್ರವಾರ ಮಧ್ಯಾಹ್ನ ರಾಜಧಾನಿ ಸುವಾದಿಂದ ಮರಳಿದ ಮ್ಯಾನೇಜರ್ ಜೈನರೇನ್ ಕಾರಿನಿಂದಿಳಿದವನೇ, ಬೇರೆ ಯಾರದೋ ರೆಸಾರ್ಟಿಗೆ ಬಂದೆನೇನೋ ಎಂದು ಗೇಟಿನ ಬೋರ್ಡನ್ನು ಇನ್ನೊಮ್ಮೆ ಓದಿದ. ಹೆಸರು ಸರಿಯಾಗಿಯೇ ಇತ್ತು. ತೋಟ ಮಾತ್ರ ಇರಲಿಲ್ಲ. ದಾಸವಾಳದ ಬೇಲಿ ಮೊಣಕಾಲೆತ್ತರಕ್ಕೆ ಇಳಿದಿತ್ತು. ಬಾಳೆ, ಕ್ರೋಟನ್, ದೇವಕಣಗಿಲೆ, ಎಲ್ಲದರ ತಲೆ ಹಾರಿತ್ತು. ತೆಂಗಿನ ಮರಗಳಲ್ಲಿ ಒಂದು ಕಾಯಿಯೂ ಉಳಿದಿರಲಿಲ್ಲ. ನಡುವೆ ತೋಟಗಾರ ವಿಲಿಕೇಸ ನಿಂತು, ಹಬ್ಬದ ಅಡುಗೆ ಮುಗಿಸಿದವನ ಸಮಾಧಾನದಲ್ಲಿ ಮಚ್ಚು ಒರೆಸುತ್ತಿದ್ದ.

"ಏನಿದು?" ಎಂದ ಜೈನರೇನ್.

"ನೀವೇ ಫೋನಲ್ಲಿ ಹೇಳಿದ್ರಲ್ಲ ಸರ್. ನಾಳೆ ರಾತ್ರಿ ಚಂಡಮಾರುತ ಬರುತ್ತೆ, ತೋಟ ರೆಡಿ ಮಾಡು ಅಂತ."

"ರೆಡಿ ಮಾಡು ಅಂದ್ರೆ ಕುರ್ಚಿ, ಛತ್ರಿ ಒಳಗಿಡು, ಹೂಕುಂಡ ಗೋಡೆ ಬದಿಗೆ ಸರಿಸು ಅಂತ. ನೀನು ತೋಟಕ್ಕೇ ಮುಡಿ ತೆಗೆಸಿಬಿಟ್ಟಿದ್ದೀಯಲ್ಲ ಮಾರಾಯ."

"ನಮ್ಮೂರಲ್ಲಿ ಮರಗೆಣಸಿಗೆ ಹೀಗೇ ಮಾಡೋದು ಸರ್. ತಲೆ ಇದ್ರೆ ಗಾಳಿ ಅದನ್ನ ಹಿಡ್ಕೊಂಡು ಬೇರು ಅಲ್ಲಾಡಿಸುತ್ತೆ. ತಲೇನೇ ಇಲ್ದಿದ್ರೆ ಗಾಳಿಗೆ ಏನು ಸಿಗುತ್ತೆ? ಮೂರು ತಿಂಗಳಲ್ಲಿ ಎಲ್ಲ ಚಿಗುರುತ್ತೆ."

"ಮುಂದಿನ ಶನಿವಾರ ಸಿಡ್ನಿಯವರ ಮದುವೆ ಇದೆ. ಈ ತೋಟದ ಫೋಟೋ ನೋಡೇ ಇಲ್ಲಿಗೆ ಬರ್ತಿರೋದು. ಮೂರು ತಿಂಗಳು ಮದುಮಗಳನ್ನ ಬಾಗಿಲಲ್ಲಿ ನಿಲ್ಲಿಸ್ಲಾ?"

ಜೈನರೇನ್ ಕೆಟ್ಟವನಲ್ಲ. ಮೆಟ್ಟಿಲ ಮೇಲೆ ಕೂತ. ಆಮೇಲೆ, "ನೋಡು, ಗಾಳಿ ಬಂತು ಅಂದ್ರೆ ನೀನು ಬುದ್ಧಿವಂತ. ಅಕ್ಕಪಕ್ಕದ ತೋಟ ಎಲ್ಲ ಬುಡಸಮೇತ ಹೋಗಿರುತ್ತೆ, ನಮ್ಮದು ಉಳಿದಿರುತ್ತೆ. ಮಾಲೀಕರಿಗೆ ನಾನೇ ನಿನ್ನ ಹೊಗಳಿ ಬರೀತೀನಿ. ಬರ್ಲಿಲ್ಲ ಅಂದ್ರೆ ಸೋಮವಾರದಿಂದ ನೀನು ಬರಬೇಡ. ಯಾರು ಮಾಡಿದ್ದು ಅಂತ ಕೇಳಿದ್ರೆ ಯಾರದಾದ್ರೂ ಹೆಸರು ಹೇಳ್ಬೇಕು, ನನ್ನ ಹೆಸರು ಹೇಳೋಕಾಗಲ್ಲ," ಎಂದ.

ಹೀಗೆ ಆ ಕರಾವಳಿಯಲ್ಲಿ ಚಂಡಮಾರುತಕ್ಕಾಗಿ ಬಾಗಿಲು ತೆರೆದು ಕಾಯುವ ಏಕೈಕ ಮನುಷ್ಯನಾಗಿ ವಿಲಿಕೇಸ ಮನೆಗೆ ನಡೆದ. ಇಪ್ಪತ್ತೆರಡು ವರ್ಷದ ಕೆಲಸ. ಐವತ್ತಮೂರರ ವಯಸ್ಸಿನವನಿಗಾಗಿ ಇನ್ನೊಂದು ತೋಟವೇನೂ ಕಾದು ಕೂತಿರಲಿಲ್ಲ. ಶನಿವಾರ ಬೆಳಿಗ್ಗೆ ರೇಡಿಯೋದಲ್ಲಿ, ಗಾಳಿ ನೆಟ್ಟಗೆ ಇತ್ತಲೇ ಬರುತ್ತಿದೆ ಎಂದರು. ಅವನು ಎರಡನೇ ಸಲ ಮರಗೆಣಸು ಹಾಕಿಸಿಕೊಂಡ. ಊರಿಗೆಲ್ಲ ಹಸಿವು ಸತ್ತಿರುವಾಗ ಗಂಡನಿಗೆ ಹೀಗೆ ಊಟ ಸೇರುತ್ತಿರುವುದನ್ನು ಕಂಡು ಹೆಂಡತಿ ಮೆರೆಸೇನಿಗೆ ಅನುಮಾನ ಬಂತು. ಕೇಳಿದಳು. ಹೇಳಿದ.

"ನಮ್ಮ ಮನೆ ಹಾರಿಹೋದ್ರೆ?" ಎಂದಳು.

"ಛಾವಣಿಗೆ ಹಗ್ಗ ಬಿಗಿದಿದ್ದೀನಲ್ಲ."

"ಪಕ್ಕದ ಮನೇದು?"

ವಿಲಿಕೇಸ ತಟ್ಟೆ ಎತ್ತಿಕೊಂಡು ತೊಳೆಯಲು ಹೋದ.

ಮೂರು ಗಂಟೆಗೆ ಊರೆಲ್ಲ ಚರ್ಚಿನಲ್ಲಿ ಸೇರಿತು. ಪ್ರಾರ್ಥನೆ ಮುಗಿಸಿ, ಕತ್ತಲಾಗುವುದರೊಳಗೆ ಶಾಲೆಯ ಗಟ್ಟಿ ಕಟ್ಟಡಕ್ಕೆ ಹೋಗಿ ಕೂರುವುದೆಂದು ತೀರ್ಮಾನವಾಗಿತ್ತು. ಪಾದ್ರಿಗಳು ಎಲ್ಲರನ್ನೂ ಒಮ್ಮೆ ನೋಡಿ, ಊರಲ್ಲೇ ದೊಡ್ಡ ಗಂಟಲಿನವನಾದ ವಿಲಿಕೇಸನನ್ನು ಪ್ರಾರ್ಥನೆ ನಡೆಸಲು ಕರೆದರು.

"ಏನಂತ ಕೇಳ್ತೀಯ?" ಮೆರೆಸೇನಿ ಪಿಸುಗುಟ್ಟಿದಳು.

"ದೇವರ ಚಿತ್ತದಂತೆ ಆಗ್ಲಿ ಅಂತೀನಿ. ಅದ್ರಲ್ಲಿ ಯಾರ ಪಕ್ಷಾನೂ ಇಲ್ಲ."

"ಇದೆ. ನಿನ್ನ ಪಕ್ಷ."

ಅವನು ಎದ್ದು ಮುಂದೆ ಹೋಗಿ ನಿಂತ. ಎಲ್ಲರೂ ಕಣ್ಣು ಮುಚ್ಚಿದರು. ಅವನಿಗೆ ಮುಚ್ಚಲಾಗಲಿಲ್ಲ. ಮೊದಲ ಬೆಂಚಿನಲ್ಲಿ ಮುದುಕಿ ತರೈವಿನಿ ಕೂತಿದ್ದಳು. ಹಿಂದಿನ ಚಂಡಮಾರುತ ಅವಳ ಮನೆಯ ತಗಡನ್ನು ಹೊತ್ತುಕೊಂಡು ಹೋದ ಮೇಲೆ ಎರಡು ವರ್ಷದಿಂದ ನೀಲಿ ಟಾರ್ಪಾಲೇ ಅವಳ ಛಾವಣಿ. ಒಂದು ಪಾತ್ರೆ, ಒಂದು ಚಾಪೆ, ಒಂದು ಬೈಬಲ್ಲನ್ನು ಗಂಟು ಕಟ್ಟಿ ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವಳ ಹಾಗೆ ಕೂತಿದ್ದಳು. ಮನೆಯಲ್ಲಿ ಬಿಟ್ಟು ಬರುವಂಥದ್ದು ಅವಳಿಗೆ ಇನ್ನೇನೂ ಇರಲಿಲ್ಲ. ವಿಲಿಕೇಸನಿಗೆ ನಾಚಿಕೆಯಾಯಿತು. 

"ದೇವರೇ," ಎಂದ, ಸೂರು ನಡುಗುವ ಹಾಗೆ. "ಈ ಗಾಳೀನ ತಿರುಗಿಸು. ಅರ್ಧಂಬರ್ಧ ಬೇಡ, ಪೂರ್ತಿ ತಿರುಗಿಸು. ಈ ತೀರದಲ್ಲಿ ಒಂದೆಲೆ ಕೂಡ ಅಲ್ಲಾಡೋದು ಬೇಡ."

ಊರಿಗೆ ಊರೇ ಎಮೆನಿ, ಹಾಗೇ ಆಗಲಿ, ಎಂದಿತು. ಮೆರೆಸೇನಿ ಎಲ್ಲರಿಗಿಂತ ಒಂದು ಕ್ಷಣ ತಡವಾಗಿ ಎಂದಳು.

ಭಾನುವಾರ ಬೆಳಿಗ್ಗೆ ಜನ ಶಾಲೆಯಿಂದ ಹೊರಗೆ ಬಂದಾಗ ಬಿಸಿಲು ಹೊಡೆಯುತ್ತಿತ್ತು. ರಾತ್ರಿ ಗಾಳಿ ದಕ್ಷಿಣಕ್ಕೆ ಹೊರಳಿ, ಯಾರೂ ಇಲ್ಲದ ಸಮುದ್ರದ ಮೇಲೆ ಹಾದುಹೋಗಿತ್ತು. ತರೈವಿನಿ ಬಂದು ವಿಲಿಕೇಸನ ಎರಡೂ ಕೆನ್ನೆ ಮುಟ್ಟಿ ವಿನಾಕಾ, ವಿನಾಕಾ ಎಂದು ಉಪಕಾರ ಹೇಳಿ ಹರಸಿ, ಗಂಟು ಎತ್ತಿಕೊಂಡು ಮನೆಯ ಕಡೆ ಹೊರಟಳು. ಉಳಿದವರು ಅವನ ಕೈ ಕುಲುಕಲು ಸಾಲು ನಿಂತರು. ಕೊನೆಯಲ್ಲಿ ಪಾದ್ರಿಗಳು ಬಂದರು.

"ಏನು ಪ್ರಾರ್ಥನೆಯಪ್ಪಾ ಅದು. ಇಷ್ಟು ವರ್ಷದಲ್ಲಿ ನಾನು ಕೇಳಿದ್ದು ಒಂದು ಸಲಾನೂ ಹೀಗೆ ನಡೆದಿಲ್ಲ. ಮುಂದಿನ ಸಲಾನೂ ನೀನೇ ಕೇಳ್ಬೇಕು."

"ಮುಂದಿನ ಸಲ ಬೇರೆ ಯಾರಿಗಾದ್ರೂ ಹೇಳಿ ಪಾದ್ರಿಗಳೇ," ಎಂದ ವಿಲಿಕೇಸ. "ಕಳ್ಕೊಳ್ಳೋಕೆ ನನ್ನ ಹತ್ರ ಇದ್ದದ್ದು ಒಂದೇ ಕೆಲಸ."